'ಸಿ ಎ' ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ

ನಮ್ಮ ಕಾಮರ್ಸ್ ವಿಭಾಗದಲ್ಲಿ ಯಾರಾದರೂ 'ಸಿ ಎ' ಅಂದರೆ ಎಲ್ಲರ ತಲೆಗೂ ಬರುವುದು ಒಂದೇ ಅರ್ಥ. ಇಟಲಿಯವರ ಬಾಯಲ್ಲಿ ಇದೇ ಎರಡು ಸದ್ದುಗಳಿಗೆ ಬೇರೆ ಕೆಲಸವಿದೆ. ಅಲ್ಲಿ 'ಸಿ' ಅಂದರೆ ಹೆಸರು ಹೇಳದ ಯಾರೋ. 'ಎ' ಅಂದರೆ 'ಇದೆ', 'ಆಗಿದೆ'. ಎರಡನ್ನೂ ಸೇರಿಸಿದರೆ, ಮಾಡಿದವರು ಯಾರು ಎಂದು ಹೇಳದೆಯೇ ಮುಗಿದ ಕೆಲಸವೊಂದನ್ನು ಹೇಳಬಹುದು. 'ಸಿ ಎ ಮಂಜಾತೊ' ಅಂದರೆ ಊಟ ಆಯಿತು. 'ಸಿ ಎ ಅಂದಾತಿ' ಅಂದರೆ ಹೋಗಿದ್ದಾಯಿತು.

ಈ ಎರಡು ವಾಕ್ಯಗಳ ಕೊನೆಯನ್ನು ಇನ್ನೊಮ್ಮೆ ನೋಡಿ. ಮೊದಲನೆಯದು 'ಒ' ಸ್ವರದಲ್ಲಿ ಮುಗಿದಿದೆ, ಎರಡನೆಯದು 'ಇ' ಸ್ವರದಲ್ಲಿ. ಇಟಾಲಿಯನ್‌ನಲ್ಲಿ 'ಒ' ಏಕವಚನದ ಗುರುತು, 'ಇ' ಬಹುವಚನದ ಗುರುತು. ಎರಡರಲ್ಲೂ ಮಾಡಿದವರು ಅದೇ 'ಯಾರೋ'. ಹಾಗಿರುವಾಗ ಊಟಕ್ಕೆ ಒಂದು ಲೆಕ್ಕ, ಹೋಗುವುದಕ್ಕೆ ಇನ್ನೊಂದು ಲೆಕ್ಕ ಯಾಕೆ? ಇಟಾಲಿಯನ್ ಕಲಿಯುವವರು ತುಂಬ ಹೊತ್ತು ನಿಲ್ಲುವ ಜಾಗ ಇದು. ಉರ್ದು ಮತ್ತು ಕನ್ನಡ ಎರಡೂ ಬಲ್ಲ ನಮ್ಮಂಥವರಿಗೆ ಮಾತ್ರ ಇದು ಅಷ್ಟೇನೂ ಹೊಸದಲ್ಲ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಇಟಾಲಿಯನ್ ಯಾಕೆ?

ಹೀಗೆ ಕೇಳುವವರಿಗೆ ಮೊದಲು ಎರಡು ಮಾತು. ನಾವು ಓದುವ ಜೋಡಿ ನಮೂದು ಪದ್ಧತಿಯನ್ನು ಮೊದಲ ಬಾರಿಗೆ ವಿವರವಾಗಿ ಅಚ್ಚಿನಲ್ಲಿ ತಂದವರು ಲೂಕಾ ಪಚೋಲಿ. ಅವರ ಪುಸ್ತಕ 1494ರಲ್ಲಿ ವೆನಿಸ್‌ನಲ್ಲಿ ಪ್ರಕಟವಾಯಿತು. ಅದು ಪಂಡಿತರ ಲ್ಯಾಟಿನ್‌ನಲ್ಲಿ ಅಲ್ಲ, ಜನರ ಮಾತಿಗೆ ಹತ್ತಿರವಾದ ಇಟಾಲಿಯನ್‌ನಲ್ಲಿತ್ತು. ಇಂದಿಗೂ ಇಟಲಿಯಲ್ಲಿ ಖಾತೆಯ ಎಡಭಾಗಕ್ಕೆ 'ದಾರೆ', ಬಲಭಾಗಕ್ಕೆ 'ಅವೇರೆ' ಎಂದು ತಲೆಬರಹ ಬರೆಯುತ್ತಾರೆ. 'ದಾರೆ' ಅಂದರೆ ಕೊಡುವುದು, 'ಅವೇರೆ' ಅಂದರೆ ಹೊಂದಿರುವುದು. ಅಂದರೆ ನಮ್ಮ ಡೆಬಿಟ್, ಕ್ರೆಡಿಟ್. ಈ 'ಅವೇರೆ' ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬೇಕಾಗುತ್ತದೆ.

ಎರಡನೆಯ ಕಾರಣ ಮನೆಯ ಲೆಕ್ಕಾಚಾರದ್ದು. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಕುಟುಂಬದ ಆದಾಯವನ್ನು ನೋಡಿ ನಿಗದಿಯಾಗುತ್ತದೆ. ಆದಾಯ ಕಡಿಮೆಯಿದ್ದರೆ ಶುಲ್ಕವೂ ಕಡಿಮೆ. ಇಟಾಲಿಯನ್ ಮಾಧ್ಯಮದ ಪದವಿಗೆ ಸೇರಬೇಕಾದ ಹೊರದೇಶದವರು ಸಾಮಾನ್ಯವಾಗಿ 'ಬಿ2' ಹಂತದ ಭಾಷಾಜ್ಞಾನ ತೋರಿಸಬೇಕು. ನಮ್ಮ ಅಬ್ಬಾಗೆ ಈ ವಿಷಯ ಹೇಳಿದಾಗ ಅವರು ಕೊಟ್ಟ ಉತ್ತರ: "ಪೈಲೇ ಸೀಖ್, ಬಾದ್ ಮೇಂ ದೇಖೇಂಗೇ." ಮೊದಲು ಕಲಿ, ಆಮೇಲೆ ನೋಡೋಣ. ನೋಡುವವರು ಯಾರು, ಯಾವಾಗ ಎಂಬುದು ಅದರಲ್ಲಿ ಇಲ್ಲ. ಹೆಸರಿಲ್ಲದ ಕರ್ತೃ ಇಟಲಿಗೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಇದೇ ಮೊದಲ ಉದಾಹರಣೆ.

ಅಂಗಡಿಯ ಬೋರ್ಡಿನ 'ಸಿ'

ಮೊದಲು ವರ್ತಮಾನ ಕಾಲ ನೋಡೋಣ. 'ಕ್ವೀ ಸಿ ಮಂಜಾ ಬೇನೆ' ಅಂದರೆ ಇಲ್ಲಿ ಊಟ ಚೆನ್ನಾಗಿರುತ್ತದೆ. ಪದಕ್ಕೆ ಪದ ಹೇಳಿದರೆ, 'ಇಲ್ಲಿ ಯಾರೇ ಆದರೂ ಚೆನ್ನಾಗಿ ಉಣ್ಣುತ್ತಾರೆ'. 'ಕೋಮೆ ಸಿ ದೀಚೆ?' ಅಂದರೆ ಇದಕ್ಕೆ ಏನೆನ್ನುತ್ತಾರೆ? ಕನ್ನಡದಲ್ಲಿ ನಾವೂ ಹೀಗೇ ಕೇಳುತ್ತೇವೆ. ಎನ್ನುವವರು ಯಾರು ಎಂದು ಯಾರೂ ತಿರುಗಿ ಕೇಳುವುದಿಲ್ಲ.

ಇಟಲಿಯ ಬೀದಿಗಳಲ್ಲಿ ಮನೆಗಳ ಗೋಡೆಯ ಮೇಲೆ 'ವೆಂದೆಸಿ', 'ಅಫ್ಫಿತ್ತಸಿ' ಎಂಬ ಬೋರ್ಡುಗಳಿರುತ್ತವೆ. ಮೊದಲನೆಯದು 'ಮಾರಾಟಕ್ಕಿದೆ', ಎರಡನೆಯದು 'ಬಾಡಿಗೆಗೆ ಇದೆ'. ಎರಡರ ಬಾಲದಲ್ಲೂ ಇರುವುದು ಇದೇ 'ಸಿ'. ಮಾಲೀಕನ ಹೆಸರು ಬೋರ್ಡಿಗೆ ಬೇಡ, ವ್ಯವಹಾರ ಗೊತ್ತಾದರೆ ಸಾಕು.

ವರ್ತಮಾನ ಕಾಲದಲ್ಲಿ ಇಷ್ಟೇ. ಕ್ರಿಯಾಪದದ ಮುಂದೆ 'ಸಿ' ಇಟ್ಟರೆ ಕೆಲಸ ಮುಗಿಯಿತು. ತೊಡಕು ಶುರುವಾಗುವುದು ಭೂತಕಾಲದಲ್ಲಿ.

ಇಬ್ಬರು ಸಹಾಯಕರು

ಇಟಾಲಿಯನ್‌ನ ಸಂಯುಕ್ತ ಭೂತಕಾಲಕ್ಕೆ ಎರಡು ಪದ ಬೇಕು. ಒಂದು ಸಹಾಯಕ ಕ್ರಿಯಾಪದ, ಇನ್ನೊಂದು ಕೃದಂತ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಓದಿದ 'ತಿಂದ', 'ಹೋದ' ಎಂಬ ಕೃದಂತಗಳನ್ನು ನೆನಪಿಸಿಕೊಳ್ಳಿ. ಅದೇ ಜಾತಿಯ ಪದ ಇದು.

ಸಹಾಯಕರು ಇಬ್ಬರು. ಒಬ್ಬ ನಮ್ಮ ಕ್ರೆಡಿಟ್ ಕಡೆಯ 'ಅವೇರೆ', ಇನ್ನೊಬ್ಬ 'ಎಸ್ಸೆರೆ'. 'ಎಸ್ಸೆರೆ' ಅಂದರೆ ಇರುವುದು. ಯಾವ ಕ್ರಿಯಾಪದಕ್ಕೆ ಯಾವ ಸಹಾಯಕ ಎಂಬುದು ನಿಗದಿಯಾಗಿದೆ.

ತಿನ್ನು, ಮಾರು, ಓದು, ಮಾತಾಡು, ನಿದ್ದೆ ಮಾಡು, ನಗು ಇಂಥವಕ್ಕೆ 'ಅವೇರೆ'. ಹೋಗು, ಬರು, ತಲುಪು, ಹೊರಡು, ಹುಟ್ಟು, ಸಾಯು, ಉಳಿ ಇಂಥವಕ್ಕೆ 'ಎಸ್ಸೆರೆ'. ತನ್ನನ್ನು ತಾನೇ ತೊಳೆದುಕೊಳ್ಳುವಂಥ 'ಕೊಳ್ಳು' ಸೇರಿದ ಕ್ರಿಯೆಗಳಿಗೂ 'ಎಸ್ಸೆರೆ'ಯೇ.

ಈಗ 'ನಾವು' ಎಂದು ಇಟ್ಟುಕೊಂಡು ಎರಡು ವಾಕ್ಯ ಮಾಡೋಣ.

'ಅಬ್ಬ್ಯಾಮೊ ಮಂಜಾತೊ': ನಾವು ತಿಂದೆವು.
'ಸ್ಯಾಮೊ ಅಂದಾತಿ': ನಾವು ಹೋದೆವು.

ಮೊದಲನೆಯದರಲ್ಲಿ 'ಅಬ್ಬ್ಯಾಮೊ' ಎಂಬುದು 'ಅವೇರೆ'ಯ ರೂಪ. ಅದರ ಜೊತೆ ಬಂದ ಕೃದಂತ ಕರ್ತೃವನ್ನು ತಿರುಗಿಯೂ ನೋಡುವುದಿಲ್ಲ. ನಾನು ತಿಂದರೂ 'ಮಂಜಾತೊ', ನಾವು ತಿಂದರೂ 'ಮಂಜಾತೊ', ಹುಡುಗಿಯರೇ ತಿಂದರೂ 'ಮಂಜಾತೊ'. ಎರಡನೆಯದರಲ್ಲಿ 'ಸ್ಯಾಮೊ' ಎಂಬುದು 'ಎಸ್ಸೆರೆ'ಯ ರೂಪ. ಅದರ ಜೊತೆಗಿನ ಕೃದಂತ ಕರ್ತೃವಿನ ಲಿಂಗ, ವಚನ ಎರಡನ್ನೂ ಮೈಮೇಲೆ ಬರೆದುಕೊಂಡೇ ಬರುತ್ತದೆ. ಹುಡುಗ ಹೋದರೆ 'ಅಂದಾತೊ', ಹುಡುಗಿ ಹೋದರೆ 'ಅಂದಾತಾ', ಗಂಡಸರು ಅಥವಾ ಎಲ್ಲರೂ ಸೇರಿ ಹೋದರೆ 'ಅಂದಾತಿ', ಬರೀ ಹೆಂಗಸರು ಹೋದರೆ 'ಅಂದಾತೆ'.

'ಸಿ' ಬಂದಾಗ ಏನಾಗುತ್ತದೆ?

ಭೂತಕಾಲದಲ್ಲಿ 'ಸಿ' ಬಂತೆಂದರೆ 'ಅವೇರೆ'ಗೆ ರಜೆ. ಯಾವ ಕ್ರಿಯಾಪದವೇ ಆಗಲಿ, ಸಹಾಯಕ 'ಎಸ್ಸೆರೆ' ಒಂದೇ. ಕಾರಣ ಇದು: ಈ 'ಸಿ' ಹುಟ್ಟಿದ್ದು 'ತನ್ನನ್ನು' ಎಂಬ ಅರ್ಥದ ಆತ್ಮಾರ್ಥಕ ಸರ್ವನಾಮದಿಂದ. ಆತ್ಮಾರ್ಥಕ ಕ್ರಿಯೆಗಳೆಲ್ಲ 'ಎಸ್ಸೆರೆ'ಯನ್ನೇ ಬಯಸುತ್ತವೆ ಎಂದು ಮೇಲೆ ಹೇಳಿದೆನಲ್ಲ, ಆ ಮನೆಯ ಪದ್ಧತಿಯನ್ನು 'ಸಿ' ಬಿಟ್ಟಿಲ್ಲ. ಆದ್ದರಿಂದಲೇ 'ತಿನ್ನು' ಕೂಡ 'ಸಿ ಎ ಮಂಜಾತೊ' ಆಯಿತು.

ಸಹಾಯಕ ಬದಲಾದರೂ ಕೃದಂತ ಮಾತ್ರ ತನ್ನ ಹಳೆಯ ಸಹಾಯಕನನ್ನು ಮರೆಯುವುದಿಲ್ಲ. ಇಡೀ ಪಾಠದ ಕೀಲಿಕೈ ಇದೇ. 'ತಿನ್ನು' ಮೊದಲು 'ಅವೇರೆ'ಯ ಕಡೆ ಇತ್ತು, ಕರ್ತೃವನ್ನು ನೋಡುವ ಅಭ್ಯಾಸ ಅದಕ್ಕಿಲ್ಲ. ಹಾಗಾಗಿ 'ಒ' ಹಾಗೇ ಉಳಿಯಿತು. 'ಹೋಗು' ಮೊದಲಿನಿಂದಲೂ 'ಎಸ್ಸೆರೆ'ಯ ಕಡೆ, ಕರ್ತೃವನ್ನು ನೋಡದೆ ಅದಕ್ಕೆ ಇರಲಾಗದು. ಈಗ ಕರ್ತೃ ಯಾರು? 'ಸಿ'. ಅದರ ಹಿಂದೆ ನಿಂತವರು ಒಬ್ಬರಲ್ಲ, ಜನ. ಹಾಗಾಗಿ 'ಅಂದಾತಿ' ಎಂದು ಬಹುವಚನ. 'ಎ' ಏಕವಚನ, 'ಅಂದಾತಿ' ಬಹುವಚನ, ಇಬ್ಬರೂ ಒಂದೇ ವಾಕ್ಯದಲ್ಲಿ ಪಕ್ಕಪಕ್ಕ ಕೂತಿದ್ದಾರೆ. ನೋಡಲು ಟ್ಯಾಲಿ ಆಗದ ಲೆಕ್ಕದಂತಿದೆ, ಆದರೆ ಸರಿಯಾದ ವಾಕ್ಯ ಇದೇ.

ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಮೊದಲು 'ನಾವು' ವಾಕ್ಯ ಮಾಡಿ. ಸಹಾಯಕ ಪದವನ್ನು ತೆಗೆದು ಅಲ್ಲಿ 'ಸಿ ಎ' ಇಡಿ. ಕೃದಂತವನ್ನು ಮುಟ್ಟಬೇಡಿ. ಅಷ್ಟೇ.

'ಅಬ್ಬ್ಯಾಮೊ ದೊರ್ಮೀತೊ' (ನಿದ್ದೆ ಮಾಡಿದೆವು) ಎಂಬುದು 'ಸಿ ಎ ದೊರ್ಮೀತೊ' ಆಗುತ್ತದೆ.
'ಅಬ್ಬ್ಯಾಮೊ ರೀಸೊ' (ನಕ್ಕೆವು) ಎಂಬುದು 'ಸಿ ಎ ರೀಸೊ' ಆಗುತ್ತದೆ.
'ಸ್ಯಾಮೊ ಅರ್ರಿವಾತಿ' (ತಲುಪಿದೆವು) ಎಂಬುದು 'ಸಿ ಎ ಅರ್ರಿವಾತಿ' ಆಗುತ್ತದೆ.
'ಚಿ ಸ್ಯಾಮೊ ಅಲ್ತ್ಸಾತಿ' (ಎದ್ದೆವು) ಎಂಬುದು 'ಚಿ ಸಿ ಎ ಅಲ್ತ್ಸಾತಿ' ಆಗುತ್ತದೆ.

ಕೊನೆಯದರಲ್ಲಿ 'ಚಿ' ಯಾಕಿದೆ ಎಂದರೆ, 'ಎದ್ದೇಳು' ಇಟಾಲಿಯನ್‌ನಲ್ಲಿ ಆತ್ಮಾರ್ಥಕ. ಅದಕ್ಕೆ ತನ್ನದೇ ಒಂದು 'ಸಿ' ಇದೆ. ಅದರ ಜೊತೆ ನಮ್ಮ ಹೆಸರಿಲ್ಲದ 'ಸಿ' ಸೇರಿದರೆ 'ಸಿ ಸಿ' ಆಗಬೇಕು. ಎರಡು 'ಸಿ' ಒಟ್ಟಿಗೆ ನಿಲ್ಲುವುದನ್ನು ಇಟಾಲಿಯನ್ ಒಪ್ಪುವುದಿಲ್ಲ, ಮೊದಲನೆಯದನ್ನು 'ಚಿ' ಮಾಡಿಬಿಡುತ್ತದೆ.

ಹಿಂದಿನ ಭೂತಕಾಲ ಬೇಕಾದರೆ 'ಎ' ಜಾಗದಲ್ಲಿ 'ಏರಾ' ಇಡಿ. 'ಸಿ ಏರಾ ಮಂಜಾತೊ' ಅಂದರೆ ಊಟ ಆಗಿತ್ತು, 'ಸಿ ಏರಾ ಅಂದಾತಿ' ಅಂದರೆ ಹೋಗಿದ್ದಾಗಿತ್ತು. ಕೃದಂತದ ನಿಯಮ ಬದಲಾಗುವುದಿಲ್ಲ. ಗುಣವಾಚಕಗಳಿಗೂ ಬಹುವಚನವೇ: 'ಕ್ವಾಂದೊ ಸಿ ಎ ಸ್ತಾಂಕಿ' ಅಂದರೆ 'ದಣಿದಿರುವಾಗ'. ದಣಿದವರು ಯಾರೇ ಇರಲಿ, 'ಸ್ತಾಂಕಿ' ಬಹುವಚನ.

ವಸ್ತು ಬಂದರೆ ಯಜಮಾನಿಕೆ ಅದರದು

ಮೇಲಿನ ಉಪಾಯಕ್ಕೆ ಒಂದು ಮಿತಿ ಇದೆ. ಕ್ರಿಯೆಯ ಜೊತೆ ಕರ್ಮಪದ, ಅಂದರೆ ಮಾರಿದ ವಸ್ತು, ತಿಂದ ಹಣ್ಣು ಬಂದುಬಿಟ್ಟರೆ ಕೃದಂತ ಆ ವಸ್ತುವಿನ ಹಿಂದೆ ಹೋಗುತ್ತದೆ. ಸಹಾಯಕ ಪದವೂ ಹೋಗುತ್ತದೆ.

'ಸಿ ಎ ವೆಂದೂತೊ ಇಲ್ ಲೀಬ್ರೊ': ಪುಸ್ತಕ ಮಾರಾಟವಾಯಿತು.
'ಸಿ ಸೋನೊ ವೆಂದೂತಿ ಮೋಲ್ತಿ ಲೀಬ್ರಿ': ಬಹಳ ಪುಸ್ತಕಗಳು ಮಾರಾಟವಾದವು.
'ಸಿ ಎ ವೆಂದೂತಾ ಲಾ ಕಾಸಾ': ಮನೆ ಮಾರಾಟವಾಯಿತು.
'ಸಿ ಸೋನೊ ವೆಂದೂತೆ ಲೆ ಕಾಸೆ': ಮನೆಗಳು ಮಾರಾಟವಾದವು.

ಇಟಾಲಿಯನ್‌ನಲ್ಲಿ ಪುಸ್ತಕ ಪುಲ್ಲಿಂಗ, ಮನೆ ಸ್ತ್ರೀಲಿಂಗ. ವಸ್ತು ಬಹುವಚನವಾದ ಕೂಡಲೇ 'ಎ' ಹೋಗಿ 'ಸೋನೊ' ಬಂತು. ಮಾರಿದವರು ಈಗಲೂ ಮರೆಯಲ್ಲೇ ಇದ್ದಾರೆ. ಆದರೆ ಮಾರಿದ ಸರಕಿನ ಲೆಕ್ಕ ಪಕ್ಕಾ. ಸ್ಟಾಕ್ ರಿಜಿಸ್ಟರಿನಲ್ಲಿ ಸರಕಿನ ಹೆಸರು, ಸಂಖ್ಯೆ ಬರೆದು ಸೇಲ್ಸ್‌ಮನ್ ಹೆಸರು ಬರೆಯದ ಹಾಗೆ.

ಇದು ನಮ್ಮ ಉರ್ದುವಿನಲ್ಲೂ ಇದೆ

ಉರ್ದು ಪಠ್ಯಪುಸ್ತಕ ಓದಿದವರು ಈ ಮೂರು ವಾಕ್ಯ ನೋಡಿ.

'ಹಮ್ ನೇ ಖಾಯಾ': ನಾವು ತಿಂದೆವು.
'ಹಮ್ ಗಯೇ': ನಾವು ಹೋದೆವು.
'ಹಮ್ ನೇ ರೋಟಿಯಾಂ ಖಾಯೀಂ': ನಾವು ರೊಟ್ಟಿಗಳನ್ನು ತಿಂದೆವು.

ಮೊದಲನೆಯದು ಏಕವಚನದಲ್ಲಿ ನಿಂತಿದೆ, 'ನಾವು' ಎಷ್ಟೇ ಜನ ಇದ್ದರೂ 'ಖಾಯಾ'. ಎರಡನೆಯದು ಬಹುವಚನ, 'ಗಯೇ'. ಮೂರನೆಯದು ರೊಟ್ಟಿಗಳ ಹಿಂದೆ ಹೋಗಿ ಸ್ತ್ರೀಲಿಂಗ ಬಹುವಚನವಾಯಿತು. 'ಮಂಜಾತೊ', 'ಅಂದಾತಿ', 'ವೆಂದೂತೆ' ಮೂರೂ ಕ್ರಮವಾಗಿ ಇಲ್ಲಿವೆ! 'ನೇ' ಬಂದಾಗ ಉರ್ದು ಕ್ರಿಯಾಪದ ಕರ್ತೃವಿನಿಂದ ಮುಖ ತಿರುಗಿಸುತ್ತದೆ. ವಸ್ತು ಇದ್ದರೆ ಅದರ ಕಡೆ ಹೋಗುತ್ತದೆ, ಇಲ್ಲದಿದ್ದರೆ ಪುಲ್ಲಿಂಗ ಏಕವಚನದಲ್ಲಿ ಸುಮ್ಮನೆ ನಿಲ್ಲುತ್ತದೆ. ನಮ್ಮ ಮನೆಗಳ ದಖನಿಯಲ್ಲಿ ಈ 'ನೇ' ಬಹಳ ಸಲ ಬಿದ್ದೇ ಹೋಗುತ್ತದೆ, 'ಹಮ್ ಖಾಯೇ' ಎಂದುಬಿಡುತ್ತೇವೆ. ಆದ್ದರಿಂದ ಹೋಲಿಕೆಗೆ ಮನೆಯ ಮಾತು ಬೇಡ, ಪುಸ್ತಕದ ಉರ್ದುವನ್ನೇ ಇಟ್ಟುಕೊಳ್ಳಿ.

ಹೋಲಿಕೆ ಎಲ್ಲ ಕಡೆಯೂ ನಡೆಯುವುದಿಲ್ಲ. ಉರ್ದುವಿನಲ್ಲಿ 'ನೇ' ಬರುವುದು ಹೆಚ್ಚಾಗಿ ಸಕರ್ಮಕ ಕ್ರಿಯೆಗಳಿಗೆ. ನಿದ್ದೆ, ನಗು ಅಕರ್ಮಕ, ಹಾಗಾಗಿ 'ಹಮ್ ಸೋಯೇ', 'ಹಮ್ ಹಂಸೇ' ಎಂದು ಬಹುವಚನ. ಇಟಾಲಿಯನ್‌ನಲ್ಲಿ ಇವು 'ಅವೇರೆ'ಯ ಕಡೆಯವು, ಹಾಗಾಗಿ 'ದೊರ್ಮೀತೊ', 'ರೀಸೊ' ಎಂದು 'ಒ'. ಉರ್ದುವನ್ನು ನೆಚ್ಚಿ 'ಸಿ ಎ ದೊರ್ಮೀತಿ' ಎಂದರೆ ತಪ್ಪಾಗುತ್ತದೆ. ಹಾಗಾಗಿ ಕೊನೆಯ ತೀರ್ಪು 'ನಾವು' ವಾಕ್ಯದ್ದೇ.

ಕನ್ನಡ ಬೇರೆ ದಾರಿ ಹಿಡಿದಿದೆ. 'ತಿಂದದ್ದಾಯಿತು, ಹೋದದ್ದಾಯಿತು, ಬಂದದ್ದಾಯಿತು' ಎನ್ನುತ್ತೇವೆ. ಎಲ್ಲಕ್ಕೂ ಒಂದೇ 'ಆಯಿತು', ನಪುಂಸಕಲಿಂಗ, ಏಕವಚನ. 'ಊಟ ಆಯ್ತಾ?' ಎಂದು ದಿನಕ್ಕೆ ಹತ್ತು ಸಲ ಕೇಳುವ ನಾವು ಉಂಡವರನ್ನು ಬಿಟ್ಟು ಊಟವನ್ನು ಮಾತ್ರ ಕೇಳುತ್ತಿದ್ದೇವೆ. ಕನ್ನಡದಲ್ಲಿ ಮರೆಯಾದ ಕರ್ತೃ ಯಾವ ಗುರುತೂ ಬಿಡುವುದಿಲ್ಲ. ಇಟಾಲಿಯನ್‌ನ 'ಎಸ್ಸೆರೆ' ಕ್ರಿಯೆಗಳಲ್ಲಿ ಮಾತ್ರ ಒಂದು ಸ್ವರದಷ್ಟು ಗುರುತು ಉಳಿಯುತ್ತದೆ. ಬರೀ ಹುಡುಗಿಯರ ಗುಂಪೊಂದು ಪ್ರವಾಸ ಹೋಗಿ ಬಂದು 'ಸಿ ಎ ಅಂದಾತೆ' ಅನ್ನಬಹುದು. ಹೆಸರು ಯಾವುದೂ ಇಲ್ಲ, ಆದರೂ ಹೋದವರು ಹುಡುಗಿಯರು ಎಂಬುದು ಕೊನೆಯ 'ಎ' ಸ್ವರದಲ್ಲಿದೆ.

ಆ 'ಯಾರೋ' ಅಂದರೆ ನಾವಾ, ಅವರಾ?

ಪರೀಕ್ಷೆಗೆ ಇಷ್ಟು ಸಾಕು. ಆದರೆ ಅರ್ಥ ಮಾಡಿಕೊಳ್ಳಲು ಇನ್ನೊಂದು ಸಂಗತಿ ಬೇಕು.

ವರ್ತಮಾನದ 'ಸಿ' ಅಂದರೆ ಸಾಮಾನ್ಯವಾಗಿ ಎಲ್ಲರೂ. 'ಇಲ್ಲಿ ಚೆನ್ನಾಗಿ ಉಣ್ಣುತ್ತಾರೆ' ಎಂಬುದು ಯಾರಿಗೂ ಅನ್ವಯಿಸುತ್ತದೆ. ಆದರೆ 'ನಿನ್ನೆ' ಎಂದು ಒಂದು ದಿನ ಹೇಳಿದ ಮೇಲೆ, ಉಂಡವರು ಯಾರೋ ಕೆಲವರೇ ಆಗಿರಬೇಕು. 'ಯೇರಿ ಸಿ ಎ ಅರ್ರಿವಾತಿ ತಾರ್ದಿ' ಅಂದರೆ 'ನಿನ್ನೆ ತಲುಪುವಾಗ ತಡವಾಯಿತು'. ಇದನ್ನು ಮಾತಿನಲ್ಲಿ ಕೇಳಿದ ಇಟಲಿಯವರು ಸಾಮಾನ್ಯವಾಗಿ 'ನಾವು ತಡವಾಗಿ ತಲುಪಿದೆವು' ಎಂದೇ ತಿಳಿಯುತ್ತಾರೆ. ಹೇಳುವವನೂ ಆ ತಡದಲ್ಲಿ ಪಾಲುದಾರ. ಟಸ್ಕನಿ ಪ್ರಾಂತ್ಯದಲ್ಲಂತೂ 'ನಾವು' ಎಂಬ ಪದವನ್ನೇ ಮುಂದಿಟ್ಟು 'ನೊಯ್ ಸಿ ಎ ಅಂದಾತಿ' ಎನ್ನುತ್ತಾರೆ. ಅಲ್ಲಿ 'ಸಿ' ಹೆಚ್ಚುಕಡಿಮೆ 'ನಾವು' ಆಗಿಬಿಟ್ಟಿದೆ.

'ಒ' ಬರುವ ಕಡೆ ತಪ್ಪಿಸಿಕೊಳ್ಳಲು ಜಾಗ ಹೆಚ್ಚು. 'ಸಿ ಎ ಪರ್ಲಾತೊ ದಿ ತೆ' ಅಂದರೆ 'ನಿನ್ನ ಬಗ್ಗೆ ಮಾತು ಬಂತು'. ಮಾತಾಡಿದವರಲ್ಲಿ ಹೇಳುವವನೂ ಇದ್ದಿರಬಹುದು, ಇಲ್ಲದೆಯೂ ಇರಬಹುದು. ಸಭೆಯ ನಡಾವಳಿಯಲ್ಲಿ 'ಸಿ ಎ ದೆಚೀಸೊ' ಎಂದರೆ 'ತೀರ್ಮಾನಿಸಲಾಯಿತು'. ತೀರ್ಮಾನಿಸಿದವರು ಯಾರು? ನಮ್ಮ ನೋಟಿಸ್ ಬೋರ್ಡುಗಳ 'ಸೂಚಿಸಲಾಗಿದೆ', 'ಕ್ರಮ ಕೈಗೊಳ್ಳಲಾಗುವುದು' ನೆನಪಾದರೆ ಆಶ್ಚರ್ಯವಿಲ್ಲ. ಕಚೇರಿಗಳ ಮಾತು ಎಲ್ಲ ದೇಶದಲ್ಲೂ ಒಂದೇ ತರಹ.

ಇದು ಮುರಿಯಲಾಗದ ನಿಯಮವಲ್ಲ. ಇಟಾಲಿಯನ್ ಪತ್ರಿಕೆಗಳು 'ಸಿ ಎ ಜುಂತಿ ಆ ಉನ್ ಅಕ್ಕೋರ್ದೊ' ಎಂದು ಬರೆಯುತ್ತವೆ. ಅಂದರೆ ಒಪ್ಪಂದಕ್ಕೆ ಬರಲಾಗಿದೆ. ಬರೆದ ವರದಿಗಾರ ಆ ಒಪ್ಪಂದದಲ್ಲಿ ಇಲ್ಲ, ಆದರೂ 'ಇ' ಇದೆ. ಸಂದರ್ಭ ನೋಡಿಯೇ ತಿಳಿಯಬೇಕು. ಆದರೂ ಕಾಮರ್ಸ್ ಓದುವ ನಮಗೆ ಇದರಲ್ಲಿ ಒಂದು ಉಪಯೋಗವಿದೆ. ಒಪ್ಪಂದ, ನಡಾವಳಿ, ನೋಟಿಸ್ ಯಾವ ಭಾಷೆಯಲ್ಲೇ ಇರಲಿ, ಕರ್ತೃ ಇಲ್ಲದ ವಾಕ್ಯ ಕಂಡರೆ ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು 'ಯಾರು?' ಎಂದು ಕೇಳಬೇಕು. ಖಾತೆಯ ಹೆಸರಿಲ್ಲದ ನಮೂದನ್ನು ನಮ್ಮ ಅಕೌಂಟೆನ್ಸಿ ಪುಸ್ತಕ ಒಪ್ಪುವುದಿಲ್ಲವಲ್ಲ!

ನೀವೇ ಮಾಡಿ ನೋಡಿ

ಕೆಳಗಿನ ಐದು 'ನಾವು' ವಾಕ್ಯಗಳನ್ನು 'ಸಿ' ವಾಕ್ಯಗಳಾಗಿ ಬದಲಿಸಿ.

1. ಅಬ್ಬ್ಯಾಮೊ ಪರ್ಲಾತೊ (ಮಾತಾಡಿದೆವು)
2. ಸ್ಯಾಮೊ ಪರ್ತೀತಿ (ಹೊರಟೆವು)
3. ಚಿ ಸ್ಯಾಮೊ ಲವಾತಿ (ಮೈ ತೊಳೆದುಕೊಂಡೆವು)
4. ಅಬ್ಬ್ಯಾಮೊ ವೆಂದೂತೊ ಲಾ ಕಾಸಾ (ಮನೆ ಮಾರಿದೆವು)
5. ಅಬ್ಬ್ಯಾಮೊ ವೆಂದೂತೊ ಮೋಲ್ತಿ ಲೀಬ್ರಿ (ಬಹಳ ಪುಸ್ತಕ ಮಾರಿದೆವು)

ಉತ್ತರ: 1. ಸಿ ಎ ಪರ್ಲಾತೊ. 2. ಸಿ ಎ ಪರ್ತೀತಿ. 3. ಚಿ ಸಿ ಎ ಲವಾತಿ. 4. ಸಿ ಎ ವೆಂದೂತಾ ಲಾ ಕಾಸಾ. 5. ಸಿ ಸೋನೊ ವೆಂದೂತಿ ಮೋಲ್ತಿ ಲೀಬ್ರಿ.

ಮೊದಲ ಮೂರಕ್ಕೆ 'ನಾವು' ಉಪಾಯ ಸಾಕು. ನಾಲ್ಕು, ಐದರಲ್ಲಿ ವಸ್ತು ಇದೆ, ಅಲ್ಲಿ ಮನೆಯನ್ನೂ ಪುಸ್ತಕವನ್ನೂ ಕೇಳಿ ಬರೆಯಬೇಕು. ಐದೂ ಸರಿಯಾಗಿದ್ದರೆ ನಿಮಗೆ ಇಟಾಲಿಯನ್‌ನ 'ಸಿ ಎ' ಪಾಸಾಯಿತು. ಇನ್ನೊಂದು ಸಿ.ಎ.ಗೆ ಬೇರೆ ಪುಸ್ತಕಗಳಿವೆ.